ಶಾಸಕರೇ, ಕುಡಿತ ಬಿಡುವವರಿಗೆ ನಮ್ಮ ಆಸ್ಪತ್ರೆಯಲ್ಲಿ ಎರಡು ಮಂಚ ಹಾಕಿಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

ಕಳೆದ ತಿಂಗಳು ನಮ್ಮೂರ ಸಮುದಾಯ ಭವನಕ್ಕೆ ನೀವು ಬಂದಿದ್ದಿರಿ. ಕುಡಿತ ಬಿಡಿಸುವ ಜಾಗೃತಿ ಕಾರ್ಯಕ್ರಮ. ಮಳೆ ಜೋರಿತ್ತು, ಮೈಕು ಕೈಕೊಟ್ಟಿತ್ತು. ಆದರೂ ನೀವು ಗಟ್ಟಿ ದನಿಯಲ್ಲೇ ಮಾತಾಡಿದಿರಿ. 'ಮನಸ್ಸು ಗಟ್ಟಿ ಮಾಡಿ, ಇವತ್ತೇ ಬಿಟ್ಟುಬಿಡಿ' ಅಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಪಕ್ಕದಲ್ಲಿ ಕೂತಿದ್ದ ಅಣ್ಣ ಮಾತ್ರ ತಟ್ಟಲಿಲ್ಲ. ವಾಪಸ್ ಬರುವಾಗ ಕೊಡೆ ಕೆಳಗೆ ಒಂದೇ ಮಾತು ಹೇಳಿದ. 'ಹಾಗೆ ಒಂದೇ ಸಲ ಬಿಟ್ಟಿದ್ದಕ್ಕೇ ಅಲ್ವಾ ನಾನು ಸಾಯುವ ಹಾಗಾಗಿದ್ದು?'

ಆ ಮಾತನ್ನು ನಿಮಗೆ ಮುಟ್ಟಿಸೋಣ ಅಂತ ಈ ಪತ್ರ. ನಿಮ್ಮ ಮೇಲೆ ಸಿಟ್ಟಿಲ್ಲ. ನಮಗೂ ಮೊದಲು ಗೊತ್ತಿರಲಿಲ್ಲ.

ಅಣ್ಣ ಕೊನೆಗಾರ. ನಲವತ್ತು ಐವತ್ತು ಅಡಿ ಅಡಿಕೆ ಮರ ಹತ್ತಿ ಕೊನೆ ಇಳಿಸುತ್ತಾನೆ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಯುತ್ತಾನೆ. ಒಂದು ಮರದಿಂದ ಇಳಿಯದೆ ಪಕ್ಕದ ಮರಕ್ಕೆ ದಾಟುವುದನ್ನು ನೀವೂ ಚಿಕ್ಕಂದಿನಲ್ಲಿ ಬಾಯಿ ಬಿಟ್ಟುಕೊಂಡು ನೋಡಿರುತ್ತೀರಿ. ಮಳೆಯಲ್ಲಿ ನೆನೆದು ಬಂದವನಿಗೆ ಮೈ ಬೆಚ್ಚಗಾಗಲಿ ಅಂತ ಮೊದಲ ಪ್ಯಾಕೆಟ್ ಕೊಟ್ಟವರು ತೋಟದ ಯಜಮಾನರೇ. ಕೊನೆಗಾರರು ಸಿಗುವುದೇ ಕಷ್ಟ, ಎಣ್ಣೆ ಕೊಡದಿದ್ದರೆ ಬೇರೆ ತೋಟಕ್ಕೆ ಹೋಗಿಬಿಡ್ತಾರೆ ಅನ್ನುವುದು ಅವರ ಲೆಕ್ಕ. ಇದನ್ನು ಬರೆದಿದ್ದಕ್ಕೆ ಊರಿನಲ್ಲಿ ಕೆಲವರು ಮುಖ ತಿರುಗಿಸಬಹುದು. ತಿರುಗಿಸಲಿ.

ನಮ್ಮ ಅಪ್ಪ ಸಾರಾಯಿ ಕುಡಿಯುತ್ತಿದ್ದರು. 2007ರ ಜುಲೈ 1ಕ್ಕೆ ಸಾರಾಯಿ ನಿಂತಿತು. ಅವತ್ತು ಅಮ್ಮ ಪಾಯಸ ಮಾಡಿದ್ದಳು. ಸ್ವಲ್ಪ ದಿನದಲ್ಲೇ ಗೂಡಂಗಡಿಯಲ್ಲಿ ತೊಂಬತ್ತು ಎಂಎಲ್‌ನ ವಿಸ್ಕಿ ಪ್ಯಾಕೆಟ್ ಸಿಗತೊಡಗಿತು. ಅಪ್ಪ ಅದಕ್ಕೆ ಬದಲಾಯಿಸಿಕೊಂಡರು. ಅಣ್ಣ ಶುರು ಮಾಡಿದ್ದೇ ಅದರಿಂದ. ಕೊನೆಕೊನೆಗೆ ಬೆಳಿಗ್ಗೆ ಎದ್ದರೆ ಕೈ ನಡುಗುತ್ತಿತ್ತು. ಒಂದು ತೊಂಬತ್ತು ಹಾಕಿದರೆ ನಡುಕ ನಿಲ್ಲುತ್ತಿತ್ತು. ನಡುಕ ನಿಂತರೆ ಮಾತ್ರ ಮರ ಹತ್ತಲು ಆಗುತ್ತಿತ್ತು. ನಾವು ಅದನ್ನು ಕೊಬ್ಬು ಅಂದುಕೊಂಡಿದ್ದೆವು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಅಂಗಡಿಗಳೆಲ್ಲ ಬಂದ್. ಅತ್ತಿಗೆಗೆ ಒಳಗೊಳಗೇ ಖುಷಿ. ಪಾಯಸ ಒಂದು ಮಾಡಲಿಲ್ಲ ಅಷ್ಟೇ. ಮುಚ್ಚಿಟ್ಟುಕೊಂಡಿದ್ದ ಪ್ಯಾಕೆಟ್ ಮುಗಿದ ದಿನ ಸಂಜೆಗೇ ಅಣ್ಣನ ಮೈ ಬೆವರತೊಡಗಿತು. ಮಾರನೇ ದಿನ ಲೋಟ ಹಿಡಿಯಲೂ ಆಗಲಿಲ್ಲ. ಅವತ್ತು ರಾತ್ರಿ ಫಿಟ್ಸ್ ಬಂತು. ಮೂರನೇ ದಿನ ಗೋಡೆ ಮೇಲೆ ಇರುವೆ ಸಾಲು ಹೋಗ್ತಿದೆ ಅಂದ. ಒಂದು ಇರುವೆಯೂ ಇರಲಿಲ್ಲ. ಕೂತಲ್ಲೇ ಎರಡೂ ಕೈ ಮೇಲೆತ್ತಿ 'ಹಗ್ಗ ಹಿಡಿಯೋ, ಕೊನೆ ಬರ್ತಿದೆ' ಅಂತ ಕೂಗುತ್ತಿದ್ದ. ತೀರಿಹೋದ ಅಪ್ಪನ ಜೊತೆ ಮಾತಾಡಿದ. ಅಮ್ಮ ಗಾಳಿ ಸೋಂಕು ಅಂದಳು. ಚೌಡಿಗೆ ಹರಕೆ ಹೇಳಿ ಕೈಗೆ ದಾರ ಕಟ್ಟಿದಳು.

ಹತ್ತಿರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಯಾವುದು ಅಂತ ಹೇಳಲ್ಲ. ಬಾಗಿಲಲ್ಲೇ ವಾಸನೆ ನೋಡಿ, 'ಕುಡುಕರನ್ನೆಲ್ಲ ಇಟ್ಟುಕೊಳ್ಳೋಕೆ ಆಗಲ್ಲ, ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ' ಅಂದರು. ವಾಸನೆ ಎಲ್ಲಿಂದ ಬರಬೇಕು? ಅವನು ಕುಡಿದು ಮೂರು ದಿನ ಆಗಿತ್ತು. ಲಾಕ್‌ಡೌನ್‌ನಲ್ಲಿ ಅಡಿಕೆ ಸಾಗಿಸುವ ಪಿಕಪ್‌ಗೆ ಪಾಸ್ ಮಾಡಿಸಿ, ಅಣ್ಣ ಹಾರಿಬಿಟ್ಟಾನು ಅಂತ ಅವನ ಹಗ್ಗದಲ್ಲೇ ಅವನನ್ನು ಕಟ್ಟಿ ಕರೆದೊಯ್ದೆವು. ಆ ದಾರಿ ಬಗ್ಗೆ ಇಷ್ಟು ಸಾಕು.

ಶಿವಮೊಗ್ಗದಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಕೂರಿಸಿಕೊಂಡು ವಿವರಿಸಿದರು. ವರ್ಷಗಟ್ಟಲೆ ದಿನಾ ಕುಡಿದವರ ಮೆದುಳು ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಮದ್ಯ ಮೆದುಳನ್ನು ಮಂಕು ಮಾಡುತ್ತದೆ. ಅದರ ಎದುರು ಎಚ್ಚರ ಇರಲು ಮೆದುಳು ದುಪ್ಪಟ್ಟು ಜೋರಾಗಿ ಓಡುವುದನ್ನು ಕಲಿತಿರುತ್ತದೆ. ಒಂದೇ ಸಲ ಮದ್ಯ ನಿಂತರೆ ಬ್ರೇಕ್ ಕಿತ್ತ ಲಾರಿ ಹಾಗೆ. ಆರೆಂಟು ಗಂಟೆಯಲ್ಲಿ ನಡುಕ, ಬೆವರು ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ಒಳಗೆ ಸನ್ನಿ ಹಿಡಿಯಬಹುದು. ಕುಡಿಯುವವರಿಗೆಲ್ಲ ಹೀಗಾಗಲ್ಲ, ಆದರೆ ಆದವರಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಹಾಗಾಗಿ ಇಂಥವರು ವೈದ್ಯರ ಕಣ್ಣಳತೆಯಲ್ಲೇ ಬಿಡಬೇಕು ಅಂದರು.

ಇನ್ನೊಂದು ವಿಷಯ ಹೇಳಿದರು. ನಮ್ಮ ಕಡೆ ಯಾರಿಗೆ ಸುಸ್ತಾದರೂ 'ಒಂದು ಗ್ಲೂಕೋಸ್ ಹಾಕಿಸು' ಅನ್ನುತ್ತಾರಲ್ಲ, ಕುಡಿತ ಜಾಸ್ತಿ ಇದ್ದವರಿಗೆ ಅದು ಅಪಾಯವಂತೆ. ಸರಿಯಾಗಿ ಊಟ ಇಲ್ಲದೆ ಅವರ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಾಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬಿದ್ದು ನೆನಪೇ ಹೋಗಬಹುದು. ಅಣ್ಣನಿಗೆ ಮೊದಲು ಥಯಾಮಿನ್ ಇಂಜೆಕ್ಷನ್ ಕೊಟ್ಟರು. ನಡುಕ, ಫಿಟ್ಸ್ ತಡೆಯುವ ಔಷಧಿ ಕೊಟ್ಟು ದಿನದಿನಕ್ಕೆ ಇಳಿಸುತ್ತಾ ಬಂದರು. ಆರನೇ ದಿನ ಅಣ್ಣ ಎದ್ದು ಕೂತು, ಗಂಜಿಗೆ ಉಪ್ಪಿನಕಾಯಿ ಇಲ್ವಾ ಅಂತ ಕೇಳಿದ.

ಶಾಸಕರೇ, ನನ್ನ ಕೋರಿಕೆ ಇರುವುದು ಇಲ್ಲಿ. ಇದರಲ್ಲಿ ದೊಡ್ಡ ಮಷೀನು ಯಾವುದಿತ್ತು? ಆಪರೇಷನ್ ಎಲ್ಲಿತ್ತು? ಒಂದು ಮಂಚ, ಹಳೇ ಕಾಲದಿಂದ ಇರುವ ಅಗ್ಗದ ಔಷಧಿ, ಗಂಟೆಗೊಮ್ಮೆ ನಾಡಿ ನೋಡುವ ನರ್ಸು, ಬೈಯದ ಒಬ್ಬ ಡಾಕ್ಟರ್. ಇಷ್ಟಕ್ಕಾಗಿ ನಾವು ಘಟ್ಟದ ತಿರುವಿನಲ್ಲಿ ಅಷ್ಟು ದೂರ ಯಾಕೆ ಹೋಗಬೇಕಿತ್ತು? ತೀರಾ ಕೆಟ್ಟವರನ್ನು ಶಿವಮೊಗ್ಗಕ್ಕೋ, ಧಾರವಾಡದ ಡಿಮ್ಹಾನ್ಸ್‌ಗೋ, ಬೆಂಗಳೂರಿನ ನಿಮ್ಹಾನ್ಸ್‌ಗೋ ಕಳಿಸಲಿ. ಉಳಿದವರನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ನೋಡಬಹುದು. ಎರಡು ಮಂಚ ಸಾಕು. ಅದಕ್ಕೆ 'ಕುಡುಕರ ವಾರ್ಡ್' ಅಂತ ಬೋರ್ಡ್ ಮಾತ್ರ ಹಾಕಿಸಬೇಡಿ, ದಮ್ಮಯ್ಯ.

ಅಣ್ಣನ ಕಥೆ ಅಲ್ಲಿಗೆ ಸುಖವಾಗಿ ಮುಗಿಯಲಿಲ್ಲ. ಮೇ 4ಕ್ಕೆ ಮದ್ಯದಂಗಡಿ ಬಾಗಿಲು ತೆರೆಯಿತು. ಆ ಸರದಿ ಸಾಲಿನ ಫೋಟೋ ನೀವೂ ನೋಡಿರುತ್ತೀರಿ. ಅಣ್ಣ ತಿಂಗಳ ಮೇಲೆ ಕುಡಿಯದೆ ಇದ್ದವನು ಅವತ್ತೇ ಕುಡಿದ. ಮೈಯಿಂದ ಮದ್ಯ ಇಳಿಸುವುದು ಮೊದಲ ಮೆಟ್ಟಿಲು ಮಾತ್ರ ಅಂತ ನಮಗೆ ಆಮೇಲೆ ಗೊತ್ತಾಯಿತು. ಆಸೆ ತಗ್ಗಿಸುವ ಮಾತ್ರೆಗಳಿವೆ, ನಾಲ್ಟ್ರೆಕ್ಸೋನ್ ಅಂತೊಂದು, ಅಕಾಂಪ್ರೊಸೇಟ್ ಅಂತೊಂದು. ಲಿವರ್, ಕಿಡ್ನಿ ನೋಡಿ ಯಾವುದು ಅಂತ ಡಾಕ್ಟರ್ ತೀರ್ಮಾನ ಮಾಡುತ್ತಾರೆ. ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ಹೋಗಿ ಮಾತಾಡಬೇಕು. ಇದನ್ನು ಹೇಳುವವರು ಆಗ ನಮಗೆ ಸಿಗಲಿಲ್ಲ. ಅದಕ್ಕೇ ನಾವು ಊರವರು ಹೇಳಿದ್ದನ್ನೆಲ್ಲ ಮಾಡಿದೆವು.

ಲಾಂಚ್ ದಾಟಿ ಸಿಗಂದೂರಿಗೆ ಹೋಗಿ ಆಣೆ ಹಾಕಿಸಿದೆವು. ಇಪ್ಪತ್ತು ದಿನ ನಡೆಯಿತು. ಆಣೆ ಮುರಿದ ಮೇಲೆ, ಹೇಗೂ ಪಾಪ ಸುತ್ತಿಕೊಂಡಿತು ಅಂತ ಇನ್ನೂ ಜಾಸ್ತಿ ಕುಡಿದ. ಆಮೇಲೆ ಯಾರೋ ಒಂದು ಮಾತ್ರೆ ತಂದುಕೊಟ್ಟರು. ಗೊತ್ತಾಗದ ಹಾಗೆ ಸಾರಿನಲ್ಲಿ ಹಾಕಿ ಅಂದರು. ಡೈಸಲ್ಫಿರಾಂ. ಅದರ ಮೇಲೆ ಕುಡಿದರೆ ವಾಂತಿ, ಎದೆ ಬಡಿತ, ಬಿಪಿ ಇಳಿಯುವುದು ಎಲ್ಲ ಆಗುತ್ತದೆ. ಕುಡಿಯುವವನಿಗೆ ತಿಳಿಸಿ, ಅವನು ಒಪ್ಪಿದ ಮೇಲೆ, ವೈದ್ಯರೇ ಕೊಡಬೇಕಾದ ಮಾತ್ರೆ ಅದು. ಅತ್ತಿಗೆ ಸಾರಿಗೆ ಹಾಕಿದಳು, ಅಣ್ಣ ಸಂಜೆ ಕುಡಿದು ಬಂದು ಅಂಗಳದಲ್ಲೇ ಬಿದ್ದ. ಬದುಕಿಕೊಂಡ. ಆದರೆ ಆರು ತಿಂಗಳು ಅತ್ತಿಗೆ ಬಡಿಸಿದ ಅನ್ನ ಮುಟ್ಟಲಿಲ್ಲ. ಆಮೇಲೆ ಒಂದು ಖಾಸಗಿ ಕೇಂದ್ರ. ಬೀಗ ಹಾಕಿ ಇಡುತ್ತಿದ್ದರು. ತಿಂಗಳಾದರೂ ಒಬ್ಬ ಡಾಕ್ಟರ್ ಬರಲಿಲ್ಲ. ಅಲ್ಲಿ ಏನಾಯಿತು ಅಂತ ಅಣ್ಣ ಇವತ್ತಿಗೂ ಹೇಳಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ ಪ್ರಕಾರ ಇಂಥ ಕೇಂದ್ರಗಳು ನೋಂದಣಿ ಮಾಡಿಸಲೇಬೇಕು. ಕುಡಿತದಿಂದ ಬರುವ ತೊಂದರೆಯೂ ಅದೇ ಕಾಯಿದೆಯ ಒಳಗೇ ಬರುತ್ತದೆ. ಅಂದರೆ ಚಿಕಿತ್ಸೆ ಪಡೆಯುವುದು ಅಣ್ಣನ ಹಕ್ಕು. ಬಾಗಿಲಲ್ಲಿ ನಿಂತು ಬೈಸಿಕೊಂಡ ದಿನ ನನಗೆ ಇದು ಗೊತ್ತಿದ್ದರೆ!

ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರಗಳಿಗೆ ಹೋಗಿ ಬಿಟ್ಟವರು ನಮ್ಮ ಕಡೆ ಇದ್ದಾರೆ. ಅದನ್ನು ಸುಮ್ನೆ ತಳ್ಳಿಹಾಕಲ್ಲ. ಎಂಟು ದಿನ ಜೊತೆಗೆ ಕೂತು ಊಟ ಮಾಡಿ, ಇಡೀ ಊರಿನ ಮುಂದೆ ಮಾತು ಕೊಟ್ಟು ಬರುವುದರಲ್ಲಿ ಒಂದು ಬಲ ಇದೆ. ಆದರೆ ಶಿಬಿರ ವರ್ಷಕ್ಕೊಮ್ಮೆ ಎಲ್ಲೋ ಆಗುತ್ತದೆ. ಬಿಡಬೇಕು ಅನ್ನುವ ಮನಸ್ಸು ಮಂಗಳವಾರ ಮಧ್ಯಾಹ್ನ ಬರಬಹುದು. ಬುಧವಾರಕ್ಕೆ ಹೋಗಿರುತ್ತದೆ.

ಅಣ್ಣ ಈಗ ಕುಡಿಯದೆ ಹದಿನಾಲ್ಕು ತಿಂಗಳು. ಕಾಮಾಲೆ ಆಗಿ ಮತ್ತೆ ಶಿವಮೊಗ್ಗದಲ್ಲಿ ಏಳು ದಿನ ಮಲಗಿದ. ಈ ಸಲ ಹದಿನೈದು ದಿನಕ್ಕೊಮ್ಮೆ ಬರಲೇಬೇಕು ಅಂದರು. ನಾನು ಸೊಸೈಟಿ ಕೆಲಸಕ್ಕೆ ರಜೆ ಹಾಕಿ ಜೊತೆಗೆ ಹೋಗುತ್ತಿದ್ದೆ. ಅವನಿಗೆ ಒಂದು ದಿನದ ಕೂಲಿ ಹೋಗುತ್ತಿತ್ತು, ಬಸ್ ಚಾರ್ಜು ಬೇರೆ. ಒಮ್ಮೆ ಕೊಯ್ಲಿನ ಗಡಿಬಿಡಿಯಲ್ಲಿ ಎರಡು ಸಲ ತಪ್ಪಿತು. ಮೂರನೇ ವಾರ ಕುಡಿದ. ಹೆದರಿಕೊಂಡೇ ಡಾಕ್ಟರ್ ಹತ್ತಿರ ಹೋದೆವು. ಅವರು ಬೈಯಲಿಲ್ಲ. ಯಾವತ್ತು, ಯಾರ ಜೊತೆ, ಅವತ್ತು ಮನೆಯಲ್ಲಿ ಏನಾಗಿತ್ತು ಅಂತ ಕೇಳಿ ಬರೆದುಕೊಂಡರು. ಶುಗರ್ ಏರಿದಾಗ ಏನು ತಿಂದೆ ಅಂತ ಕೇಳುತ್ತಾರಲ್ಲ, ಹಾಗೆ. ಹದಿನಾಲ್ಕು ತಿಂಗಳು ಎಣಿಸುತ್ತಿರುವುದು ಅಲ್ಲಿಂದ.

ಈ ತಿರುಗಾಟ ತಾಲ್ಲೂಕಿನಲ್ಲೇ ಮುಗಿಯುವ ಹಾಗಿದ್ದರೆ? ಮನೋಚೈತನ್ಯ ಅಂತ ಸರ್ಕಾರದ್ದೇ ಕಾರ್ಯಕ್ರಮ ಇದೆ. ಗೊತ್ತುಮಾಡಿದ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕು. ಊರೂರಿಗೆ ಅದರ ಸುದ್ದಿ ಮುಟ್ಟಿಸಿ. 14416 ಅಂತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ ನಂಬರ್ ಇದೆ, ದಿನವಿಡೀ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಒಳ್ಳೆಯದೇ. ನಮ್ಮ ಮನೆಯಿಂದ ಮಾತಾಡಬೇಕಾದರೆ ಗುಡ್ಡ ಹತ್ತಿ, ಹಲಸಿನ ಮರದ ಹತ್ತಿರ ನಿಲ್ಲಬೇಕು. ಟವರ್ ವಿಷಯ ನಿಮಗೆ ಬೇರೆ ಪತ್ರಗಳಲ್ಲಿ ಬಂದಿರುತ್ತದೆ.

ಮಂಗನ ಕಾಯಿಲೆ ನಮ್ಮ ಜಿಲ್ಲೆಯ ಕ್ಯಾಸನೂರಿನಲ್ಲಿ 1957ರಲ್ಲಿ ಕಾಣಿಸಿಕೊಂಡಿದ್ದು. ಇವತ್ತಿಗೂ ಸೀಸನ್ ಬಂದರೆ ಆಶಾ ಕಾರ್ಯಕರ್ತೆಯರು ಅದನ್ನು ಹರಡುವ ಉಣ್ಣೆ ಹುಳ ಕಚ್ಚದ ಹಾಗೆ ಮೈಗೆ ಹಚ್ಚುವ ಡೇಪಾ ಎಣ್ಣೆ ಹಿಡಿದು ಮನೆಮನೆಗೆ ಬರುತ್ತಾರೆ. (ಮನೆ ಬಾಗಿಲಿಗೆ ಎಣ್ಣೆ ಬರುವುದು ಅಂದರೆ ನಮ್ಮಲ್ಲಿ ಎರಡು ಅರ್ಥ ಇದೆ, ಬಿಡಿ.) ಅದೇ ಆಶಾ ಅಕ್ಕಂದಿರಿಗೆ ಒಂದು ದಿನದ ತರಬೇತಿ ಕೊಡಿಸಿ. ಬಿಟ್ಟವನ ಕೈ ನಡುಗುತ್ತಿದ್ದರೆ ದಾರ ಕಟ್ಟುವುದಲ್ಲ, ಆಸ್ಪತ್ರೆಗೆ ಕರೆತರುವುದು ಅಂತ ಅವರು ಹೇಳಿದರೆ ನಮ್ಮಮ್ಮನಂಥವರು ಕೇಳುತ್ತಾರೆ. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ ಅಂತ ಮನೋವೈದ್ಯ ಡಾ. ಅಶೋಕ್ ಪೈ ಅವರು ಎಷ್ಟೋ ವರ್ಷ ಕನ್ನಡದಲ್ಲಿ ಬರೆದು, ಭಾಷಣ ಮಾಡಿ ತಿಳಿಸಿದ ಜಿಲ್ಲೆ ಇದು. ಇಲ್ಲಿ ಹೊಸದಾಗಿ ಶುರು ಮಾಡಬೇಕಾಗಿಲ್ಲ.

ದುಡ್ಡು ಎಲ್ಲಿದೆ ಅಂತ ಕೇಳುತ್ತೀರಿ. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ ಬರಬೇಕು ಅಂತ ಇಟ್ಟ ಗುರಿ 40,000 ಕೋಟಿ ರೂಪಾಯಿ. ಹಿಂದಿನ ವರ್ಷಗಳ ಲೆಕ್ಕದಲ್ಲಿ ನಮ್ಮಣ್ಣನ ಪಾಲೂ ಇದೆ. ತನಗೆ ಬರುವ ಗೃಹಲಕ್ಷ್ಮಿ 2,000 ರೂಪಾಯಿ ಗಂಡ ಮೊದಲೇ ಕಟ್ಟಿಟ್ಟ ದುಡ್ಡು ಅಂತ ಅತ್ತಿಗೆ ನಗುತ್ತಾಳೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್‌ನವರು ಮಾಡಿ 2019ರಲ್ಲಿ ಹೊರಬಂದ ಸಮೀಕ್ಷೆ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಅಣ್ಣ ಆ ಒಬ್ಬ. ನಮ್ಮ ಕೇರಿಯಲ್ಲಿ ಉಳಿದವರನ್ನು ನಾನು ದಿನಾ ನೋಡುತ್ತೇನೆ.

ಅಂಗಡಿ ಮುಚ್ಚಿಸಿ ಅಂತ ಕೇಳುತ್ತಿಲ್ಲ. ಅದು ನಿಮ್ಮೊಬ್ಬರ ಕೈಯಲ್ಲಿಲ್ಲ ಅಂತ ಗೊತ್ತು. ಆದರೆ ಇಲಾಖೆಗಳ ಕೆಲಸ ಪರಿಶೀಲಿಸುವ ತಾಲ್ಲೂಕಿನ ಕೆಡಿಪಿ ಸಭೆ ನಡೆಸುವವರು ನೀವು. ಅಲ್ಲಿ ಆರೋಗ್ಯಾಧಿಕಾರಿಗಳೂ ಇರುತ್ತಾರೆ, ಅಬಕಾರಿಯವರೂ ಇರುತ್ತಾರೆ. ಕುಡಿತ ಬಿಟ್ಟು ನಡುಗುತ್ತಾ ಬಂದವರು ಈ ಮೂರು ತಿಂಗಳಲ್ಲಿ ಎಷ್ಟು ಜನ, ಎಷ್ಟು ಜನರನ್ನು ಇಲ್ಲೇ ಇಟ್ಟುಕೊಂಡಿರಿ, ಎಷ್ಟು ಜನರನ್ನು ಶಿವಮೊಗ್ಗಕ್ಕೆ ಕಳಿಸಿದಿರಿ, ಥಯಾಮಿನ್ ಇಂಜೆಕ್ಷನ್ ಸ್ಟಾಕ್ ಎಷ್ಟಿದೆ ಅಂತ ಒಮ್ಮೆ ಕೇಳಿ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲೂ ನಿಮ್ಮ ಮಾತು ನಡೆಯುತ್ತದೆ. ನೀವು ಕೇಳಿದರೆ ಮುಂದಿನ ಸಭೆಗೆ ಉತ್ತರ ತಯಾರಾಗುತ್ತದೆ. ನಾನು ಕೇಳಿದರೆ ಕೌಂಟರ್‌ನಲ್ಲಿ ಚೀಟಿ ಮಾಡಿಸಿ ಅನ್ನುತ್ತಾರೆ.

ಹೋದ ವಾರ ಅಣ್ಣನ ಜೊತೆ ಔಷಧಿ ಹೊಡೆಯಲು ಹೋಗುವವನ ಹೆಂಡತಿ ನಮ್ಮ ಮನೆಗೆ ಬಂದಿದ್ದಳು. ನಿಮ್ಮ ಭಾಷಣ ಕೇಳಿದ ಮೇಲೆ ಅವನೂ ಬಿಡುತ್ತೇನೆ ಅಂದಿದ್ದಾನಂತೆ. ಹಾಗೇ ಒಂದೇ ಸಲ ಬಿಡಬೇಡಿ ಅಂತ ಅಣ್ಣ ಹೇಳಿದ. ಮತ್ತೆ ಎಲ್ಲಿಗೆ ಕರ್ಕೊಂಡು ಹೋಗಲಿ ಅಂತ ಅವಳು ಕೇಳಿದಳು. ಶಿವಮೊಗ್ಗ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನೆ ಕೂತು, ಮೊದಲ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದಳು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು