ಮೋಷನ್ ಸೆನ್ಸರ್ ಡಿಮ್ಮರ್ ಹಾಕಿಸುವವರ ಗಮನಕ್ಕೆ

ಶಿರಸಿ ಗುಂಪಿನ ಎಲ್ಲರಿಗೂ ನಮಸ್ಕಾರ. ಯಾರೋ ಓಡಾಡಿದಾಗ ತಾನೇ ಹೊತ್ತಿಕೊಂಡು, ಬೆಳಕನ್ನೂ ತಗ್ಗಿಸುವ ಸ್ವಿಚ್ ಬಗ್ಗೆ ಹಲವರು ಕೇಳಿದ್ದೀರಿ.

ಮೊದಲು ಬಲ್ಬ್ ನೋಡಿ. ಡಬ್ಬಿಯ ಮೇಲೆ ‘ಡಿಮ್ಮಬಲ್’ ಎಂದು ಬರೆದಿರದ ಎಲ್‌ಇಡಿ ಮಿಣುಕುತ್ತದೆ, ಗುಂಯ್ ಅನ್ನುತ್ತದೆ, ಬೇಗ ಹಾಳೂ ಆಗಬಹುದು. ಡಿಮ್ಮರ್‌ಗೆ ಕನಿಷ್ಠ ಎಷ್ಟು ವ್ಯಾಟ್ ಬೇಕೆಂದೂ ಓದಿಕೊಳ್ಳಿ. ಕೆಲವಕ್ಕೆ 5 ವ್ಯಾಟ್‌ನ ಒಂದೇ ಬಲ್ಬ್ ಸಾಲುವುದಿಲ್ಲ.

ಹೆಚ್ಚು ತಕರಾರು ಬರುವುದು ನ್ಯೂಟ್ರಲ್ ವೈರಿನದು, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿಯದು. ಇಂಥ ಹಲವು ಸ್ವಿಚ್‌ಗಳಿಗೆ ಅದು ಬೇಕೇ ಬೇಕು. ಹಳೇ ಹಂಚಿನ ಮನೆಗಳಲ್ಲಿ ಬರೀ ಲೈಟಿನ ಬೋರ್ಡಿಗೆ ಅದು ಬಂದಿರದೇ ಇರಬಹುದು. ಪ್ಲಗ್ ಪಾಯಿಂಟ್ ಇರುವ ಬೋರ್ಡಾದರೆ ಸಾಮಾನ್ಯವಾಗಿ ಇರುತ್ತದೆ. ಕೊಳ್ಳುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಸೆನ್ಸರ್ ಹಿಡಿಯುವುದು ಚಲಿಸುವ ಶಾಖವನ್ನು. ಬಚ್ಚಲ ಒಲೆಗೋ ಬಿಸಿಲು ಬೀಳುವ ಕಿಟಕಿಗೋ ಎದುರಾಗಿ ಹಾಕಿದರೆ ಸುಮ್ನೆ ಹೊತ್ತಿಕೊಳ್ಳುತ್ತದೆ. ಬೆಕ್ಕಿಗೂ ಹೊತ್ತಬಹುದು, ಅದು ಬೇರೆ ಮಾತು! ಮೆಟ್ಟಿಲು, ಹಿತ್ತಿಲ ಬಾಗಿಲಿಗೆ ಚೆನ್ನ. ಮಲಗುವ ಕೋಣೆಗೆ ಬೇಡವೇ ಬೇಡ. ಮಗ್ಗಲು ಬದಲಿಸಿದಾಗೆಲ್ಲ ದೀಪ ಹೊತ್ತಿದರೆ ನಿದ್ದೆ ಎಲ್ಲಿ?

ಫ್ಯಾನಿಗೆ ಲೈಟಿನ ಡಿಮ್ಮರ್ ಜೋಡಿಸಬೇಡಿ. ಕೆಲಸಕ್ಕೆ ಮೊದಲು ಎಂಸಿಬಿ (ಮೇನ್ ಬೋರ್ಡಿನಲ್ಲಿರುವ ಸುರಕ್ಷತಾ ಸ್ವಿಚ್) ಆಫ್ ಮಾಡಿ, ಟೆಸ್ಟರ್ ಹಿಡಿದೇ ನೋಡಿ. ಮಳೆಗಾಲದ ಒದ್ದೆ ಗೋಡೆಯಾದರೆ ಒಣಗುವ ತನಕ ಕಾಯಿರಿ.