ಒಲೆ ಹಚ್ಚದ ಮಧ್ಯಾಹ್ನ

ಇಂಗ್ಲೆಂಡಿನಲ್ಲಿ ಮನೆ ಕಟ್ಟಿದವರಿಗೆ ಸೆಕೆಯ ಯೋಚನೆ ಇದ್ದಂತೆ ಕಾಣುವುದಿಲ್ಲ. ದಪ್ಪ ಇಟ್ಟಿಗೆ ಗೋಡೆ, ಜೋಡಿ ಗಾಜಿನ ಕಿಟಕಿ, ಮೆಟ್ಟಿಲಿಗೂ ಕಾರ್ಪೆಟ್ಟು. ಒಳಗಿನ ಬಿಸಿ ಹೊರಗೆ ಹೋಗಬಾರದು, ಅಷ್ಟೇ ಲೆಕ್ಕ. ಸೂರಿನಲ್ಲಿ ಫ್ಯಾನ್ ನೇತುಹಾಕಲು ಒಂದು ಕೊಕ್ಕೆಯೂ ಇಲ್ಲ. ಊರಿಗೆ ಫೋನ್ ಮಾಡಿ "ಮೂವತ್ತು ಡಿಗ್ರಿ, ತಡೆಯಕ್ಕಾಗ್ತಿಲ್ಲ" ಅಂದರೆ ಆ ಕಡೆ ನಗು ಕೇಳಿಸುತ್ತದೆ. 2022ರ ಜುಲೈ 19ರಂದು ಲಿಂಕನ್‌ಶೈರಿನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಮುಟ್ಟಿ, ಈ ದೇಶದಲ್ಲಿ ಮೊಟ್ಟಮೊದಲ ಸಲ ಪಾದರಸ ನಲವತ್ತು ದಾಟಿತಲ್ಲ, ಆ ದಿನವೂ ನಾನು ಅಭ್ಯಾಸಬಲದಿಂದ ಕುಕ್ಕರ್ ಇಟ್ಟಿದ್ದೆ. ಮೂರು ವಿಶಲ್ಲಿಗೆ ಅಡುಗೆಮನೆ ಇಡ್ಲಿ ಪಾತ್ರೆಯ ಒಳಗಿನ ಹಾಗಾಯಿತು. ರಾತ್ರಿ ಹನ್ನೊಂದಾದರೂ ಆ ಕಾವು ಇಳಿಯಲಿಲ್ಲ. ಬೇಳೆ ಸಾರನ್ನು ಯಾರೂ ಮುಟ್ಟಲಿಲ್ಲ.

ಆಮೇಲಿನ ಬೇಸಿಗೆಗಳಲ್ಲಿ ನಮ್ಮ ಮನೆಯ ಮಧ್ಯಾಹ್ನಕ್ಕೆ ಒಂದು ಪದಾರ್ಥ ಕಾಯಂ ಆಗಿದೆ: ಬಿಳಿ ಬೀನ್ಸ್ ಮತ್ತು ಟ್ಯೂನಾ ಮೀನಿನ ಸಲಾಡ್. ಜುಲೈ ಕೊನೆಯಿಂದ ಸೆಪ್ಟೆಂಬರ್ ತನಕ ಮಕ್ಕಳಿಗೆ ಶಾಲೆ ಇಲ್ಲ. ಹನ್ನೆರಡೂವರೆಗೆ ಸರಿಯಾಗಿ "ಅಮ್ಮಾ, ಹಸಿವು" ಶುರುವಾಗುತ್ತದೆ. ನಾನು ಪಕ್ಕದ ಕೋಣೆಯಲ್ಲಿ ಆಫೀಸಿನ ಮೀಟಿಂಗಿನಲ್ಲಿರುತ್ತೇನೆ. ಇದಕ್ಕೆ ಬೇಕಾದದ್ದು ಡಬ್ಬಿ ತೆರೆಯುವ ಒಂದು ಕೈ, ಈರುಳ್ಳಿ ಹೆಚ್ಚುವ ಇನ್ನೊಂದು ಕೈ.

ಇದು ನನ್ನ ಕಂಡುಹಿಡಿತವಲ್ಲ. ಇಟಲಿಯ ಟಸ್ಕನಿಯವರು ಕಾಲದಿಂದ ತಿನ್ನುತ್ತ ಬಂದ 'ಟೊನ್ನೊ ಎ ಫಜೋಲಿ'. ಟೊನ್ನೊ ಎಂದರೆ ಟ್ಯೂನಾ, ಫಜೋಲಿ ಎಂದರೆ ಬೀನ್ಸು. ಅಲ್ಲಿಯ ಕನೆಲ್ಲಿನಿ ಎಂಬ ಬಿಳಿ ಬೀನ್ಸು, ಎಣ್ಣೆಯಲ್ಲಿಟ್ಟ ಟ್ಯೂನಾ, ಕೆಂಪು ಈರುಳ್ಳಿ, ಆಲಿವ್ ಎಣ್ಣೆ, ಹುಳಿಗೆ ವಿನೆಗರೋ ನಿಂಬೆಯೋ, ಒಂದು ಹಿಡಿ ಪಾರ್ಸ್ಲಿ ಸೊಪ್ಪು. ಮುಗಿಯಿತು. ಟಸ್ಕನಿಯವರನ್ನು ಇಟಲಿಯ ಉಳಿದವರು 'ಮಾಂಜಾಫಜೋಲಿ' ಎಂದು ಕರೆಯುತ್ತಾರೆ, ಬೀನ್ಸ್ ತಿನ್ನುವವರು ಅಂತ. ನಮ್ಮಲ್ಲಿ ಮುದ್ದೆ ತಿನ್ನುವವರನ್ನು ಅಕ್ಕಿಯವರು ಛೇಡಿಸಿದ ಹಾಗೆ. ಹಿಂದೆ ಅವರು ಬೀನ್ಸನ್ನು ವೈನಿನ ಗಾಜಿನ ಹೂಜಿಗೆ ತುಂಬಿ, ಆರುತ್ತಿರುವ ಕೆಂಡದ ಬೂದಿಯಲ್ಲಿ ರಾತ್ರಿಯಿಡೀ ಇಟ್ಟು ಬೇಯಿಸುತ್ತಿದ್ದರು. ಅಂಥ ತಾಳ್ಮೆಯ ಜನ ಬೇಸಿಗೆಯಲ್ಲಿ ಒಲೆಯ ಕಡೆ ತಿರುಗಿಯೂ ನೋಡದೆ ಊಟ ಮುಗಿಸುತ್ತಾರೆ ಅನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ.

ನಮ್ಮವ್ವನಿಗೆ ಮಾತ್ರ ಒಪ್ಪಿಗೆಯಿಲ್ಲ. ವಿಡಿಯೋ ಕಾಲಿನಲ್ಲಿ ಬಟ್ಟಲು ತೋರಿಸಿದರೆ, "ಒಲೆ ಹಚ್ಚದೆ ಇರೋ ಮನೇನ ಮನೆ ಅಂತಾರೇನವ್ವ? ಮಕ್ಳಿಗೆ ಒಂಚೂರು ಅನ್ನನಾದ್ರೂ ಬೇಯ್ಸು" ಅಂದಳು. ಆಗ ನಾನು ಕೇಳಿದೆ, "ರಾಮನವಮಿ ಕೋಸಂಬರಿ ಯಾವ ಒಲೆ ಮೇಲೆ ಬೇಯ್ಸಿದ್ದವ್ವ?" ಎರಡು ಕ್ಷಣ ಸುಮ್ಮನಿದ್ದು, "ಅದು ಪ್ರಸಾದ" ಅಂದಳು. ವಾದ ಅಲ್ಲಿಗೆ ನಿಂತಿತು. ಆದರೆ ನನ್ನ ತಲೆಯಲ್ಲಿ ಕೋಸಂಬರಿ ಉಳಿಯಿತು. ನೋಡಿ: ಬೇಳೆ, ಹಸಿ ತರಕಾರಿ, ಹುಳಿ, ಉಪ್ಪು, ಸೊಪ್ಪು. ಟಸ್ಕನಿಯ ಬಟ್ಟಲಿನಲ್ಲಿರುವುದೂ ಇದೇ ಲೆಕ್ಕ. ನಮಗೆ ಗೊತ್ತಿಲ್ಲದ ಅಡುಗೆಯೇನೂ ಅಲ್ಲ.

ಗೊತ್ತಿದೆ ಎಂಬ ಧೈರ್ಯದಲ್ಲೇ ಒಂದು ಅಪಾಯವೂ ಇದೆ. ಹೆಸರುಬೇಳೆಯನ್ನು ಗಂಟೆ ಹೊತ್ತು ನೆನೆಸಿ ಹಸಿಯಾಗಿಯೇ ತಿನ್ನುತ್ತೇವೆ. ಅದೇ ಧಾಟಿಯಲ್ಲಿ ರಾಜ್ಮಾ ನೆನೆಸಿ ತಿನ್ನುವ ಹಾಗಿಲ್ಲ. ಬ್ರಹ್ಮಚಾರಿಗಳ ಮನೆಯೊಂದರಲ್ಲಿ ಹೀಗೆ ಮೊಳಕೆ ಬರಿಸಿದ ಕೆಂಪು ರಾಜ್ಮಾದ ಕೋಸಂಬರಿ ಮಾಡಿ, ಮೂವರೂ ಸರದಿಯಲ್ಲಿ ಬಚ್ಚಲಮನೆಯಲ್ಲೇ ರಾತ್ರಿ ಕಳೆದ ಕತೆ ನನಗೆ ಗೊತ್ತು. ಈ ಜಾತಿಯ ಕಾಳುಗಳಲ್ಲಿ ಫೈಟೋಹೀಮಗ್ಲುಟಿನಿನ್ ಎಂಬ ಲೆಕ್ಟಿನ್, ಅಂದರೆ ಹೊಟ್ಟೆ ಕೆಡಿಸುವ ಒಂದು ಪ್ರೋಟೀನು ಇರುತ್ತದೆ. ಕೆಂಪು ರಾಜ್ಮಾದಲ್ಲಿ ಅತಿ ಹೆಚ್ಚು, ಬಿಳಿಯದರಲ್ಲಿ ಕಡಿಮೆ. ನಾಲ್ಕೈದು ಹಸಿ ಕಾಳೇ ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಶುರು. ಒಣ ಕಾಳನ್ನು ಮನೆಯಲ್ಲೇ ಬೇಯಿಸುವುದಾದರೆ ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಹತ್ತು ನಿಮಿಷವಾದರೂ ಕೊತಕೊತ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಬೇಕು. ಸ್ಲೋ ಕುಕ್ಕರಿಗೆ ನೇರವಾಗಿ ಹಾಕಬೇಡಿ, ಅದರ ಕಾವು ಸಾಲುವುದಿಲ್ಲ. ಅಂಗಡಿಯ ಡಬ್ಬಿ ಬೀನ್ಸಿಗೆ ಈ ರಗಳೆ ಇಲ್ಲ. ಅದು ಡಬ್ಬಿಯೊಳಗೇ ಬೆಂದು ಬಂದಿರುತ್ತದೆ.

ಜಾತಿ ಅಂದೆನಲ್ಲ, ಅದೊಂದು ಮೋಜು. ನಾವು ಪಲ್ಯಕ್ಕೆ ಹೆಚ್ಚುವ ಹುರುಳಿಕಾಯಿ, ಪಂಜಾಬಿಗಳ ರಾಜ್ಮಾ, ಇಲ್ಲಿಯವರು ಬೆಳಗ್ಗೆ ಟೋಸ್ಟಿನ ಮೇಲೆ ಸುರಿದುಕೊಳ್ಳುವ ಹೈಂಜ್ ಬೀನ್ಸು, ಈ ಕನೆಲ್ಲಿನಿ, ಎಲ್ಲವೂ ಸಸ್ಯಶಾಸ್ತ್ರಕ್ಕೆ ಒಂದೇ ಗಿಡ. ಕೊಲಂಬಸ್ ಹೋಗಿಬಂದ ಮೇಲೆ ಅಮೆರಿಕದಿಂದ ಹೊರಟು ಊರೂರಿಗೆ ಹಬ್ಬಿದ್ದು. ಅದಕ್ಕೂ ಮುಂಚೆ ಇಟಲಿಯವರು ತಿನ್ನುತ್ತಿದ್ದದ್ದು ನಮ್ಮ ಅಲಸಂದೆಯನ್ನೇ. ಪೋರ್ಚುಗಲ್ಲಿನಲ್ಲಿ ಇವತ್ತಿಗೂ ಅಲಸಂದೆ ಕಾಳಿಗೇ ಟ್ಯೂನಾ, ಈರುಳ್ಳಿ, ಬೇಯಿಸಿದ ಮೊಟ್ಟೆ ಸೇರಿಸಿ ಸಲಾಡ್ ಮಾಡುತ್ತಾರೆ. ಅಲಸಂದೆ ಉಸಲಿ ತಿಂದು ಬೆಳೆದವರಿಗೆ ಅದು ಕನೆಲ್ಲಿನಿಗಿಂತ ಬೇಗ ನಾಲಿಗೆಗೆ ಹೊಂದುತ್ತದೆ. ಬ್ಲ್ಯಾಕ್ ಐ ಬೀನ್ಸ್ ಅಂತ ಡಬ್ಬಿಯಲ್ಲೇ ಸಿಗುತ್ತದೆ, ಒಮ್ಮೆ ನೋಡಿ.

ಮಾಡುವುದು ಹೀಗೆ. ಬೀನ್ಸಿನ 400 ಗ್ರಾಮಿನ ಎರಡು ಡಬ್ಬಿ. ನೀರು ಬಸಿದರೆ ಒಂದೊಂದರಲ್ಲಿ 235 ಗ್ರಾಮಿನಷ್ಟು ಕಾಳು ಉಳಿಯುತ್ತದೆ. ಆ ಲೋಳೆ ನೀರು ಹೋಗುವವರೆಗೆ ಜರಡಿಯಲ್ಲಿಟ್ಟು ನಲ್ಲಿಯ ಕೆಳಗೆ ಹಿಡಿಯಿರಿ, ಡಬ್ಬಿಯ ಉಪ್ಪಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಅಲ್ಲೇ ಹರಿದುಹೋಗುತ್ತದೆ. ಈಗ ಮುಖ್ಯ ಕೆಲಸ: ಚೆನ್ನಾಗಿ ಸೋರಲು ಬಿಡುವುದು. ನಾನು ಜರಡಿಯನ್ನು ಬಟ್ಟಲಿನ ಮೇಲೆ ಹತ್ತು ನಿಮಿಷ ಮರೆತುಬಿಡುತ್ತೇನೆ. ಆ ಹೊತ್ತಿಗೆ ಒಂದು ಕೆಂಪು ಈರುಳ್ಳಿಯನ್ನು ಅರ್ಧಚಂದ್ರದ ಹಾಗೆ, ಬೆಳಕು ಕಾಣುವಷ್ಟು ತೆಳ್ಳಗೆ ಹೆಚ್ಚಿ ತಣ್ಣೀರಿಗೆ ಹಾಕುತ್ತೇನೆ. ಘಾಟು ನೀರಿಗಿಳಿದು ಈರುಳ್ಳಿ ಗರಿಗರಿಯಾಗುತ್ತದೆ. ಹಾಗೇ ಹಾಕಿದಿರೋ, ಸಂಜೆ ಮೀಟಿಂಗಿನವರೆಗೂ ಬಾಯಲ್ಲಿ ಅದೇ ಇರುತ್ತದೆ.

ಕೋಸಂಬರಿ ಕಲಿಸಿದ ಪಾಠ ಇಲ್ಲಿ ಅರ್ಧ ಸರಿ, ಅರ್ಧ ತಪ್ಪು. 'ಉಪ್ಪು ಕಡೇಲಿ ಹಾಕು, ಇಲ್ದಿದ್ರೆ ನೀರು ಬಿಡುತ್ತೆ' ಎನ್ನುವುದು ಅವ್ವನ ಮಾತು. ಸೌತೆಕಾಯಿಗೆ, ಟೊಮೇಟೊಗೆ ಅದು ವೇದವಾಕ್ಯ. ಮೊದಲ ಬೇಸಿಗೆಯಲ್ಲಿ ನಾನು ಬುದ್ಧಿವಂತಳೆಂದುಕೊಂಡು ಸೌತೆಕಾಯಿ ಸಮೇತ ಎಲ್ಲವನ್ನೂ ಹಿಂದಿನ ರಾತ್ರಿಯೇ ಕಲಸಿಟ್ಟಿದ್ದೆ. ಬೆಳಗ್ಗೆ ನೋಡಿದರೆ ಡಬ್ಬಿಯ ತಳದಲ್ಲಿ ಒಂದು ಬೆರಳು ನೀರು, ಅದರಲ್ಲಿ ಮುಳುಗಿದ ಮೀನು. ಬೀನ್ಸಿನ ಸ್ವಭಾವ ಬೇರೆ. ಅದಕ್ಕೆ ಉಪ್ಪು, ಹುಳಿ, ಎಣ್ಣೆ ಮೊದಲೇ ಬೀಳಬೇಕು. ಸಿಪ್ಪೆ ದಾಟಿ ಒಳಗೆ ಇಳಿಯಲು ಅರ್ಧ ಗಂಟೆಯಾದರೂ ಬೇಕು, ಇಲ್ಲವಾದರೆ ಹೊರಗೆ ರುಚಿ, ಒಳಗೆ ಸೀಮೆಸುಣ್ಣ. ಹಾಗಾಗಿ ಸೋರಿದ ಕಾಳಿಗೆ ಒಂದು ನಿಂಬೆಯ ರಸ, ಮೂರು ದೊಡ್ಡ ಚಮಚ ಆಲಿವ್ ಎಣ್ಣೆ, ಉಪ್ಪು, ಕುಟ್ಟಿದ ಕಾಳುಮೆಣಸು ಹಾಕಿ ಕಲಸಿ ಬಿಡಿ. ಒಂದು ಹಿಡಿ ಕಾಳನ್ನು ಚಮಚದ ಬೆನ್ನಿನಿಂದ ಜಜ್ಜಿ ಸೇರಿಸಿದರೆ ಎಲ್ಲವೂ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಈರುಳ್ಳಿ, ಸೊಪ್ಪು ಹಾಕುವುದು ತಿನ್ನುವ ಹೊತ್ತಿಗೆ. ಸೌತೆಕಾಯಿ ಬೇಕೇ ಬೇಕೆಂದರೆ ತಟ್ಟೆಗೆ ಬಡಿಸಿದ ಮೇಲೆ.

ಟ್ಯೂನಾ ಕೊನೆಗೆ. 145 ಗ್ರಾಮಿನ ಎರಡು ಡಬ್ಬಿ ತೆರೆದು ಬಸಿದು, ಬೆರಳಿನಲ್ಲಿ ದೊಡ್ಡ ದೊಡ್ಡ ತುಂಡಾಗಿ ಬಿಡಿಸಿ ಮೇಲೆ ಹರಡಿ, ಕೆಳಗಿನಿಂದ ಎರಡೇ ಸಲ ಎತ್ತಿ ಮಗುಚಿ. ಹೆಚ್ಚು ಕಲಸಿದರೆ ಹುಡಿಹುಡಿಯಾಗಿ ಹೊಟ್ಟಿನ ಹಾಗಾಗುತ್ತದೆ. ಎಣ್ಣೆಯಲ್ಲಿಟ್ಟದ್ದೇ ಈ ಸಲಾಡಿಗೆ ಸರಿ. ಉಪ್ಪುನೀರಿನದು, ಸ್ಪ್ರಿಂಗ್ ವಾಟರಿನದು ಡಯಟ್ಟಿಗೆ ಒಳ್ಳೆಯದಿರಬಹುದು, ಬಾಯಿಗೆ ಒಣಒಣ. ಕಾರಣವೂ ಇದೆ, ಡಬ್ಬಿಯ ಮೀನು ಎರಡು ಸಲ ಬೆಂದಿರುತ್ತದೆ. ಡಬ್ಬಿಗೆ ತುಂಬುವ ಮುಂಚೆ ಹಬೆಯಲ್ಲಿ ಒಮ್ಮೆ, ಮುಚ್ಚಿದ ಮೇಲೆ ಒತ್ತಡದಲ್ಲಿ ಇನ್ನೊಮ್ಮೆ. ನಾವು ಒಲೆ ಹಚ್ಚುವುದಿಲ್ಲ ಅಂದರೆ, ನಮಗಾಗಿ ಬೇರೆ ಯಾರೋ ಎಲ್ಲೋ ಹಚ್ಚಿದ್ದಾರೆ, ಅಷ್ಟೇ.

ಎಲ್ಲೋ ಎಂದರೆ ಎಲ್ಲಿ? ನಮ್ಮನೆಯವರು ಉಡುಪಿ ಕಡೆಯವರು. ಮೊದಲ ಸಲ ಈ ಬಟ್ಟಲು ಮುಂದಿಟ್ಟಾಗ "ಇದಕ್ಕೆ ಮಸಾಲೆ ಅರೆದೇ ಇಲ್ವಾ ಮಾರಾಯ್ತಿ?" ಎಂದವರು. ಊರಿನಲ್ಲಿ ಟ್ಯೂನಾಕ್ಕೆ ಕೇದರ್ ಎನ್ನುತ್ತಾರಂತೆ. ಅಂಜಲ್ ಮೀನಿನ ಮುಂದೆ ಅದಕ್ಕೆ ಅಷ್ಟೊಂದು ಮರ್ಯಾದೆಯಿಲ್ಲವಂತೆ. ಅವರೇ ಒಂದು ದಿನ ಖಾಲಿ ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದರು: ಸ್ಕಿಪ್‌ಜಾಕ್ ಟ್ಯೂನಾ, ಎಫ್‌ಎಒ 51. ಮೀನು ಹಿಡಿದ ಕಡಲಿಗೆ ವಿಶ್ವಸಂಸ್ಥೆಯ ಆಹಾರ ಸಂಸ್ಥೆ (ಎಫ್‌ಎಒ) ಕೊಟ್ಟ ಸಂಖ್ಯೆ ಅದು. 51 ಎಂದರೆ ಪಶ್ಚಿಮ ಹಿಂದೂ ಮಹಾಸಾಗರ. ಅರಬ್ಬಿ ಸಮುದ್ರವೂ ಅದರೊಳಗೇ, ಅಂದರೆ ಮಲ್ಪೆಯ ಕಡಲೂ ಆ ಸಂಖ್ಯೆಯೊಳಗೇ. ಇಲ್ಲಿಯ ಅಂಗಡಿಗಳಲ್ಲಿ 'ಪೋಲ್ ಅಂಡ್ ಲೈನ್' ಎಂದು ಬರೆದ ಡಬ್ಬಿಗಳಲ್ಲಿ ಬಹಳಷ್ಟು ಮಾಲ್ಡೀವ್ಸಿನವು. ಬಲೆ ಬೀಸದೆ, ಕೋಲು ಗಾಳದಲ್ಲಿ ಒಂದೊಂದೇ ಮೀನು ಎಳೆಯುತ್ತಾರೆ. ನಮ್ಮ ಲಕ್ಷದ್ವೀಪದ ಮಿನಿಕಾಯ್‌ನವರದೂ ಇದೇ ಪದ್ಧತಿ. ಆ ದಿನದಿಂದ ಮನೆಯಲ್ಲಿ ಅಂಗಡಿಗೆ ಹೋದವರು ಡಬ್ಬಿ ತಿರುಗಿಸಿ 51 ಹುಡುಕುತ್ತಾರೆ. ಮಸಾಲೆಯ ತಕರಾರು ಮಾತ್ರ ಹೋಗಿಲ್ಲ. ಅವರ ಪಾಲಿಗೆ ಬೇರೆ ತೆಗೆದು, ಹೆಚ್ಚಿದ ಹಸಿಮೆಣಸು, ಪಾರ್ಸ್ಲಿಯ ಬದಲು ಕೊತ್ತಂಬರಿ, ಒಂದು ಹಿಡಿ ತೆಂಗಿನತುರಿ ಹಾಕುತ್ತೇನೆ. ಟಸ್ಕನಿಯವರು ಕ್ಷಮಿಸಲಿ, ಚೆನ್ನಾಗಿಯೇ ಇರುತ್ತದೆ. ಒಗ್ಗರಣೆ ಕೇಳಿದರೆ ಕೊಡುವುದಿಲ್ಲ, ಒಲೆ ಹಚ್ಚಿದ ಹಾಗಾಯಿತಲ್ಲ. ಮಯೋನೀಸ್, ಸ್ವೀಟ್‌ಕಾರ್ನ್ ಹಾಕುವವರು ಅದನ್ನು ಬ್ರೆಡ್ಡಿನ ನಡುವೆ ಇಟ್ಟುಕೊಳ್ಳಲಿ. ಚಾಟ್ ಮಸಾಲೆ ಉದುರಿಸುವವರಿಗೆ ದೂರದಿಂದಲೇ ನಮಸ್ಕಾರ.

ಬಸುರಿಯರು ಗಮನಿಸಿ: ಮೀನಿನ ಪಾದರಸದ ಕಾರಣಕ್ಕೆ ವಾರಕ್ಕೆ ನಾಲ್ಕು ಡಬ್ಬಿಗಿಂತ ಹೆಚ್ಚು ಟ್ಯೂನಾ ಬೇಡ ಎಂದು ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಹೇಳುತ್ತದೆ. ಮಗುವಿಗಾಗಿ ಪ್ರಯತ್ನಿಸುತ್ತಿರುವವರಿಗೂ ಅದೇ ಮಿತಿ. ಒಮೇಗಾ-3 ಸಿಗುತ್ತದೆಂದು ತಿನ್ನುವವರಿಗೂ ಒಂದು ಮಾತು, ಡಬ್ಬಿಯ ಟ್ಯೂನಾವನ್ನು ಇಲ್ಲಿ ಎಣ್ಣೆಮೀನಿನ, ಅಂದರೆ ಮೈಯಲ್ಲೇ ಎಣ್ಣೆಯಿರುವ ಮೀನಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೆ ಬಂಗುಡೆಯೋ ಬೂತಾಯಿಯೋ ಆಗಬೇಕು. ಉಳಿದ ಮೀನನ್ನು ತೆರೆದ ಡಬ್ಬಿಯಲ್ಲೇ ಫ್ರಿಜ್ಜಿಗೆ ತಳ್ಳಬೇಡಿ, ಗಾಜಿನದಕ್ಕೆ ಸುರಿಯಿರಿ. ತಿನ್ನುವ ಕಾಲು ಗಂಟೆ ಮುಂಚೆ ಹೊರಗೆ ತೆಗೆದಿಟ್ಟರೆ ಗಡ್ಡೆಗಟ್ಟಿದ ಆಲಿವ್ ಎಣ್ಣೆ ಸಡಿಲವಾಗಿ ರುಚಿ ಮರಳುತ್ತದೆ.

ಇನ್ನು ನಮ್ಮ ಕನ್ನಡ ಸಂಘದೊಳಗಿನ ವಿಷಯ. ಹಿಂದೊಮ್ಮೆ ಈ ಸುದ್ದಿಪತ್ರದಲ್ಲಿ ಬಂಗುಡೆ ಪುಳಿಮುಂಚಿ ಅಚ್ಚಾದಾಗ, 'ಸಂಘದ ಪತ್ರಿಕೆಯಲ್ಲಿ ಮೀನೇ?' ಎಂದು ಹಿರಿಯ ಸದಸ್ಯರೊಬ್ಬರು ಬರೆದಿದ್ದರು. ಬೈಗುಳವಿರಲಿಲ್ಲ, ನೊಂದ ಮಾತಿತ್ತು. ಸಂಘದ ಹಬ್ಬದೂಟ ಸಸ್ಯಾಹಾರವೇ ಇರಲಿ, ಬಾಳೆಲೆಗೆ ಎಲ್ಲರೂ ಒಟ್ಟಿಗೆ ಕೂರಲು ಅದೇ ದಾರಿ ಎಂದು ನಾನೂ ಒಪ್ಪುತ್ತೇನೆ. ಆದರೆ ಸುದ್ದಿಪತ್ರ ಎಲೆಯಲ್ಲ. ಮಂಗಳೂರು, ಕಾರವಾರ, ಕುಂದಾಪುರದವರೂ ಇದೇ ಚಂದಾ ಕೊಡುತ್ತಾರೆ. ಅವರ ಅಡುಗೆ ಇಪ್ಪತ್ತು ಸಂಚಿಕೆಗೊಮ್ಮೆ ಬಂದರೆ ಪುಟ ಮೈಲಿಗೆಯಾಗುವುದಿಲ್ಲ. ಮೀನು ಬೇಡದವರಿಗೆ ಇದೇ ಬಟ್ಟಲಿನಲ್ಲಿ ದಾರಿಯಿದೆ: ಟ್ಯೂನಾ ಬಿಟ್ಟು ಹುರಿದ ಕಡಲೆಕಾಯಿ ಬೀಜ, ಸಣ್ಣಗೆ ಹೆಚ್ಚಿದ ತೋತಾಪುರಿ ಮಾವಿನಕಾಯಿ. ಹುಳಿ ಮಾವಿನಲ್ಲೇ ಇರುವುದರಿಂದ ಅರ್ಧ ನಿಂಬೆ ಸಾಕು. ಕಡಲೆಕಾಯಿ ತಿನ್ನುವ ಮುಂಚೆಯಷ್ಟೇ ಹಾಕಬೇಕು, ಮೆತ್ತಗಾದರೆ ಕೆಲಸ ಕೆಟ್ಟಿತು. ಮತ್ತೆ, ನಟ್ಸ್ ಅಲರ್ಜಿ ಇರುವ ಮಕ್ಕಳ ತಾಯಂದಿರನ್ನು ಕೇಳಿ ಹಾಕಿ.

ಸಂಘದ ಆಗಸ್ಟಿನ ವನಭೋಜನಕ್ಕೆ ಇವೆರಡನ್ನೂ ಐಸ್ ಪ್ಯಾಕಿನ ಚೀಲದಲ್ಲಿ ತರುತ್ತೇನೆ. ಹೊರಗೆ ತೆಗೆದ ಎರಡು ಗಂಟೆಯೊಳಗೆ ಖಾಲಿಯಾಗಬೇಕು, ಉಳಿದರೆ ಮನೆಗೆ ಕಟ್ಟಿಕೊಡುವುದಿಲ್ಲ. ನೀಲಿ ಮುಚ್ಚಳದ್ದು ಮೀನಿನದು, ಬಿಳಿ ಮುಚ್ಚಳದ್ದು ಕಡಲೆಕಾಯಿಯದು. ಎರಡೂ ಬೇರೆ ಬೇರೆ ಮೇಜಿನ ಮೇಲಿರುತ್ತವೆ. ದಯವಿಟ್ಟು ಸೌಟು ಅದಲುಬದಲು ಮಾಡಬೇಡಿ.