ಪಿಎಚ್‌ಡಿ ಮುಗಿಯಿತು, ಅಣ್ಣಾಚಿ!

ಹೋದ ವಾರ ನನ್ನ ವೈವಾ ಮುಗಿಯಿತು. ಗೈಡ್, ಲ್ಯಾಬಿನವರು, ಫೆಲೋಶಿಪ್ ತಡವಾದಾಗ ಮೆಸ್ ಬಿಲ್ ಕಟ್ಟಿದ ರೂಮ್‌ಮೇಟ್, ಅಪ್ಪ, ಅಮ್ಮ ಎಲ್ಲರಿಗೂ ಥೀಸಿಸ್‌ನಲ್ಲೇ ಥ್ಯಾಂಕ್ಸ್ ಹೇಳಿದ್ದೇನೆ. ಅಲ್ಲಿ ಒಂದೇ ಸಾಲಲ್ಲಿ ಮುಗಿದುಹೋದ ಇಬ್ಬರ ಬಗ್ಗೆ ಇಲ್ಲಿ ಬರೆಯಬೇಕು.

ನನ್ನ ಕೆಲಸ ಭೂಮಿಯ ಕಾಂತಕ್ಷೇತ್ರದ ಮಿಡಿತಗಳ ಮೇಲೆ. ದಕ್ಷಿಣ ಭಾರತದಲ್ಲಿ ಈ ಕ್ಷೇತ್ರ ಸುಮಾರು 40,000 ನ್ಯಾನೋಟೆಸ್ಲಾ (ಕಾಂತಕ್ಷೇತ್ರ ಅಳೆಯುವ ಮಾನ). ನಾನು ಹುಡುಕುತ್ತಿದ್ದ ಮಿಡಿತ ಒಂದು ನ್ಯಾನೋಟೆಸ್ಲಾ ಸಿಕ್ಕರೆ ಅದೇ ಜಾಸ್ತಿ. 10ರಿಂದ 45 ಸೆಕೆಂಡಿಗೊಮ್ಮೆ ಏರಿ ಇಳಿಯುವ ಇವಕ್ಕೆ ಪಿಸಿ3 ಅಂತ ಹೆಸರು. ಹುಟ್ಟುವುದು ಎಲ್ಲಿ ಗೊತ್ತಾ? ಸುಮಾರು 90,000 ಕಿಲೋಮೀಟರ್ ಆಚೆ. ಸೂರ್ಯನಿಂದ ಬೀಸುವ ಸೌರಮಾರುತ ನಮ್ಮ ಕಾಂತಗೋಳಕ್ಕೆ, ಅಂದರೆ ಭೂಮಿಯ ಕಾಂತಕ್ಷೇತ್ರದ ಹಿಡಿತ ಇರುವ ವಲಯಕ್ಕೆ, ಎದುರಾಗುವ ಕಡೆ ಅದರ ಕೆಲವು ಅಯಾನುಗಳು (ವಿದ್ಯುದಾವೇಶ ಇರುವ ಕಣಗಳು) ಪುಟಿದು ವಾಪಸ್ ಹೋಗುತ್ತವೆ. ಅವು ಎಬ್ಬಿಸುವ ಅಲೆಗಳು ಒಳಗೆ ಬಂದು ನೆಲ ಮುಟ್ಟುತ್ತವೆ. ಸೌರಮಾರುತ ಹೊತ್ತು ತರುವ ಕ್ಷೇತ್ರ 5 ನ್ಯಾನೋಟೆಸ್ಲಾ ಇದ್ದರೆ ಮಿಡಿತ ಸುಮಾರು 33 ಸೆಕೆಂಡಿಗೊಂದು.

ಕಾಂತೀಯ ಸಮಭಾಜಕ, ಅಂದರೆ ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾಂತರವಾಗಿರುವ ರೇಖೆ, ಹಾಯುವುದು ತಮಿಳುನಾಡಿನ ತಿರುನೆಲ್ವೇಲಿ ಕಡೆ. ಹಗಲು ಹೊತ್ತು ಅಲ್ಲಿ 105 ಕಿಲೋಮೀಟರ್ ಎತ್ತರದಲ್ಲಿ ಪೂರ್ವಕ್ಕೆ ಜೋರಾಗಿ ವಿದ್ಯುತ್ ಹರಿಯುತ್ತದೆ. ಅದು ಈ ಮಿಡಿತವನ್ನು ಏನು ಮಾಡುತ್ತದೆ ಅನ್ನುವುದೇ ನನ್ನ ಪ್ರಶ್ನೆ. ಹಾಗಾಗಿ ಕಾಂತಕ್ಷೇತ್ರ ಅಳೆಯುವ ಸೆನ್ಸರ್ ಹೂತದ್ದು ಅಲ್ಲಿ, ನಾನು ಹೇಳಿದ ಆ ಇಬ್ಬರ ಬಾಳೆತೋಟದ ಅಂಚಿನಲ್ಲಿ. ನಾವು ಅವರನ್ನು ಅಣ್ಣಾಚಿ, ಅಕ್ಕ ಅಂತಲೇ ಕರೆಯುವುದು.

ಕಬ್ಬಿಣ ಹತ್ತಿರ ಬರಬಾರದು ಅಂದೆವು, ಅಷ್ಟೆ. ಅಣ್ಣಾಚಿ ಬೈಕನ್ನು ರಸ್ತೆಯಲ್ಲೇ ಬಿಟ್ಟು ನಡೆದು ಬರತೊಡಗಿದರು. ಎಮ್ಮೆಯ ಸರಪಳಿ ಬಿಚ್ಚಿ ತೆಂಗಿನ ಹಗ್ಗ ಕಟ್ಟಿದರು. ಮುಂಬೈಗೆ ಎಲೆಕ್ಟ್ರಿಕ್ ಟ್ರಾಮ್ ಬಂದರೆ ಅಳತೆ ಕೆಡುತ್ತದೆ ಅಂತ ಅಲ್ಲಿನ ಕೊಲಾಬಾ ಕಾಂತೀಯ ವೀಕ್ಷಣಾಲಯದವರು 1904ರಲ್ಲಿ ಅಲಿಬಾಗ್‌ನಲ್ಲಿ ಹೊಸ ವೀಕ್ಷಣಾಲಯವನ್ನೇ ಶುರುಮಾಡಿದರು. ನಮಗೆ ಆ ಭಾಗ್ಯ ಎಲ್ಲಿ! ಪಕ್ಕದ ಹೊಲದ ಟ್ರ್ಯಾಕ್ಟರನ್ನು ನಿಲ್ಲಿಸಲಾಗುತ್ತದಾ? ಅದು ಉಳುತ್ತಾ ಆ ಬದುವಿನಿಂದ ಈ ಬದುವಿಗೆ ಹೋಗಿ ಬರುತ್ತದೆ. ಹತ್ತಿರ ಬಂದಾಗಲೆಲ್ಲ ಗ್ರಾಫ್ ಏರುತ್ತದೆ. ನೋಡಿದರೆ ಥೇಟ್ ಮಿಡಿತವೇ.

ಇದನ್ನು ಅಕ್ಕನಿಗೆ ಒಮ್ಮೆ ಸುಮ್ನೆ ಹೇಳಿದ್ದೆ. ಮುಂದಿನ ಸಲ ಹೋದಾಗ ದಿನದರ್ಶಿಕೆಯಿಂದ ಹರಿದ ಹಾಳೆಗಳ ಒಂದು ಕಟ್ಟು ಕೈಗಿಟ್ಟರು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಟ್ರ್ಯಾಕ್ಟರ್ ಬಂದ ಹೊತ್ತು, ಹೋದ ಹೊತ್ತು. ಬಾಳೆಗೊನೆ ತುಂಬಲು ಬಂದ ಲಾರಿಯದ್ದು ಬೇರೆ. ಅವರು ಬರೆದ ಹೊತ್ತನ್ನೆಲ್ಲ ಡೇಟಾದಿಂದ ತೆಗೆದೆ. ಉಳಿದ ಮಿಡಿತಗಳನ್ನು ದೂರದ ಸ್ಟೇಷನ್‌ಗಳ ಜೊತೆ ಹೋಲಿಸಿದೆ. ಅಲ್ಲೂ ಅದೇ ಹೊತ್ತಿಗೆ ಕಂಡವನ್ನು ಮಾತ್ರ ಇಟ್ಟುಕೊಂಡೆ.

ವೈವಾದಲ್ಲಿ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆಯೇ, "ಇದು ಯಾವುದೋ ಗಾಡಿ ಅಲ್ಲ ಅಂತ ಹೇಗೆ ಹೇಳ್ತೀರಿ?" ಅಕ್ಕನ ಹಾಳೆಗಳ ಸ್ಕ್ಯಾನ್ ತೋರಿಸಿದೆ. ತಮಿಳು ಬಾರದಿದ್ದರೂ ಅವರು ಒಂದೊಂದನ್ನೇ ನೋಡಿದರು.

ಅಣ್ಣಾಚಿ, ಅಕ್ಕ, ತುಂಬಾ ಥ್ಯಾಂಕ್ಸ್. ಸೆನ್ಸರ್ ಸದ್ಯಕ್ಕೆ ಅಲ್ಲೇ ಇರುತ್ತದೆ, ಇನ್ಮೇಲೆ ನನ್ನ ಜೂನಿಯರ್ ಬರುತ್ತಾಳೆ. ಇದನ್ನು ನಿಮಗೆ ತಮಿಳಿನಲ್ಲಿ ಓದಿ ಹೇಳಲು ಲ್ಯಾಬಿನ ಗೆಳೆಯ ಒಪ್ಪಿದ್ದಾನೆ. ಅವನಿಗೂ ಥ್ಯಾಂಕ್ಸ್.